ಬೇಸಿಗೆ ರಜೆಯ ಓದು: ಹದಿಹರೆಯದವರ ಕೈಗೆ ಕಾದಂಬರಿ ಕೊಡುವ ಮುನ್ನ

ಕೆಲವು ವರ್ಷಗಳ ಹಿಂದೆ, ಮಾರ್ಚ್ ಕೊನೆಯ ವಾರದಲ್ಲಿ, ನಮ್ಮ ಅಭ್ಯಾಸ ಶಾಲೆಯೊಂದರ ಎಂಟನೆಯ ತರಗತಿಗೆ ನಾನೊಂದು ನಮೂನೆ ತಯಾರಿಸಿಕೊಟ್ಟೆ. ತಲೆಬರಹ ‘ಬೇಸಿಗೆ ಓದು’. ಐದು ಪುಸ್ತಕಗಳ ಪಟ್ಟಿ. ಪ್ರತಿಯೊಂದಕ್ಕೂ ಲೇಖಕರ ಹೆಸರು, ಮುಖ್ಯ ಪಾತ್ರಗಳು, ಹತ್ತು ಸಾಲಿನ ಸಾರಾಂಶ, ‘ನಾನು ಕಲಿತ ಮೌಲ್ಯಗಳು’ ಎಂಬ ಕಾಲಂ. ಪ್ರಶಿಕ್ಷಣಾರ್ಥಿಗಳು ಅದನ್ನು ಹಂಚಿದರು. ಜೂನ್‌ನಲ್ಲಿ ಮುಂದಿನ ತಂಡದೊಂದಿಗೆ ಅದೇ ಶಾಲೆಗೆ ಹೋದಾಗ ಹಾಳೆಗಳು ವಾಪಸು ಬಂದವು. ಸಾರಾಂಶಗಳೆಲ್ಲ ಒಂದೇ ಅಚ್ಚಿನವು. ಪುಸ್ತಕದ ಹಿಂಬದಿಯಿಂದ ಯಾರೋ ಒಬ್ಬರು ಇಳಿಸಿಕೊಂಡದ್ದು ಇಡೀ ತರಗತಿಯನ್ನು ಸುತ್ತಿತ್ತು. ಮೌಲ್ಯಗಳ ಕಾಲಂನಲ್ಲಿ ‘ಪ್ರಾಮಾಣಿಕತೆ’ ಎಂದು ಬರೆದವರೇ ಹೆಚ್ಚು!

ಒಬ್ಬ ಹುಡುಗಿ ಮಾತ್ರ ಖಾಲಿ ಹಾಳೆ ಕೊಟ್ಟಿದ್ದಳು. ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ ಬಿತ್ತು. ಬೆಲ್ ಆದ ಮೇಲೆ ಅವಳು ಹತ್ತಿರ ಬಂದು, “ಸರ್, ಹಾರುವ ಓತಿ ನಿಜವಾಗ್ಲೂ ಇದೆಯಾ?” ಎಂದು ಕೇಳಿದಳು. ನನ್ನ ಪಟ್ಟಿಯಲ್ಲಿಲ್ಲದ ‘ಕರ್ವಾಲೋ’ ಅವಳಿಗೆ ಮಾವನ ಮನೆಯ ಅಟ್ಟದಲ್ಲಿ ಸಿಕ್ಕಿತ್ತಂತೆ. ಎರಡು ಸಲ ಓದಿದ್ದಳು. ಸೊನ್ನೆ ಹಾಕಿದ ಪ್ರಶಿಕ್ಷಣಾರ್ಥಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಬಸ್‌ಸ್ಟಾಪಿಗೆ ನಡೆಯುವಾಗ ಸ್ವಲ್ಪ ಅಳುಕುತ್ತಲೇ, “ಸರ್, ಆ ಪಟ್ಟಿಯ ಐದೂ ಪುಸ್ತಕ ನೀವು ಓದಿದ್ದೀರಾ?” ಎಂದರು. ಮೂರು ಓದಿದ್ದೆ. ಉಳಿದೆರಡನ್ನು ಪ್ರಶಸ್ತಿ ಬಂದಿದೆ ಎಂಬ ಒಂದೇ ಕಾರಣಕ್ಕೆ ಸೇರಿಸಿದ್ದೆ.

ಆ ಎರಡು ಪ್ರಶ್ನೆಗಳ ನಂತರ ಬೇಸಿಗೆಯ ಓದನ್ನು ಯೋಜಿಸುವ ನಮ್ಮ ರೀತಿ ಬದಲಾಯಿತು. ಹೇಗೆ ಬದಲಾಯಿತು, ಏಕೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ನನ್ನ ನಮೂನೆಯ ದೋಷ ಎಲ್ಲಿತ್ತೆಂದು ತಿಳಿಯಲು ನೆರವಾದವರು ಅಮೆರಿಕದ ಶಿಕ್ಷಣತಜ್ಞೆ ಲೂಯಿಸ್ ರೋಸೆನ್‌ಬ್ಲಾಟ್. 1938ರಲ್ಲೇ ಸಾಹಿತ್ಯ ಬೋಧನೆಯ ಬಗ್ಗೆ ಮಹತ್ವದ ಪುಸ್ತಕ ಬರೆದ ಅವರು, 1978ರ ಇನ್ನೊಂದು ಕೃತಿಯಲ್ಲಿ ಓದಿನ ಎರಡು ನಿಲುವುಗಳನ್ನು ಬಿಡಿಸಿ ಹೇಳಿದರು. ಮೊದಲನೆಯದು ಹೊತ್ತೊಯ್ಯುವ ಓದು. ಮಗು ವಿಷ ಕುಡಿದಿದೆ, ತಾಯಿ ಬಾಟಲಿಯ ಚೀಟಿಯನ್ನು ಓದುತ್ತಿದ್ದಾಳೆ ಎಂಬುದು ಅವರೇ ಕೊಡುವ ಉದಾಹರಣೆ. ಆಕೆಗೆ ಬೇಕಾದದ್ದು ಓದಿ ಮುಗಿಸಿದ ಮೇಲೆ ಕೈಯಲ್ಲಿ ಉಳಿಯುವ ಮಾಹಿತಿ. ಎರಡನೆಯದು ಅನುಭವಿಸುವ ಓದು. ಅಲ್ಲಿ ಮುಖ್ಯವಾದದ್ದು ಓದುತ್ತಿರುವಾಗಲೇ ನಮ್ಮೊಳಗೆ ನಡೆಯುವುದು. ಒಂದೇ ಪುಟವನ್ನು ಹೀಗೂ ಓದಬಹುದು, ಹಾಗೂ ಓದಬಹುದು. ಇವು ಎರಡು ಮುಚ್ಚಿದ ಪೆಟ್ಟಿಗೆಗಳಲ್ಲ, ಓದುಗ ಎರಡರ ನಡುವೆ ಓಡಾಡುತ್ತಿರುತ್ತಾನೆ ಎಂದೂ ಅವರು ಹೇಳುತ್ತಾರೆ. ನನ್ನ ನಮೂನೆ ಕಾದಂಬರಿಯ ಹೆಸರಿನಲ್ಲಿ ಬಾಟಲಿಯ ಚೀಟಿಯನ್ನು ಓದಿಸುತ್ತಿತ್ತು.

ಇದನ್ನು ಪ್ರಶಿಕ್ಷಣಾರ್ಥಿಗಳಿಗೆ ಮನದಟ್ಟು ಮಾಡಿಸಲು ಸಿದ್ಧಾಂತಕ್ಕಿಂತ ಆರ್. ಕೆ. ನಾರಾಯಣ್ ಅವರ ಸ್ವಾಮಿ ಹೆಚ್ಚು ಉಪಯೋಗಕ್ಕೆ ಬರುತ್ತಾನೆ. 1935ರಲ್ಲಿ ಬಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ರಜೆಯ ದಿನವೇ ಅಪ್ಪ ಸ್ವಾಮಿಯನ್ನು ಕೂರಿಸಿಕೊಂಡು ಮಾವಿನಹಣ್ಣಿನ ಬೆಲೆಯ ಲೆಕ್ಕ ಕೊಡುವ ಪ್ರಸಂಗವಿದೆ. ಸ್ವಾಮಿಗೆ ಲೆಕ್ಕ ಮುಂದೆ ಹೋಗುವುದಿಲ್ಲ. ಹಣ್ಣು ಮಾಗಿದೆಯೋ ಇಲ್ಲವೋ ಎಂಬುದೇ ಅವನ ಚಿಂತೆ. ಈ ಭಾಗವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದಾಗ ಎಲ್ಲರೂ ನಗುತ್ತಾರೆ. ನಕ್ಕ ಮೇಲೆ, ‘ಅಪ್ಪ ಎಂಥ ಓದು ಬಯಸಿದರು, ಹುಡುಗ ಎಂಥ ಓದು ಓದಿದ’ ಎಂದು ಕೇಳಿದರೆ ಸಾಕು. ಲೆಕ್ಕದ ತರಗತಿಯಲ್ಲಿ ಅಪ್ಪನೇ ಸರಿ, ಒಪ್ಪೋಣ. ಆದರೆ ಕಾದಂಬರಿಯ ಮುಂದೆ ಕೂತ ಹುಡುಗ ಸ್ವಾಮಿಯೇ ಆಗಿರಬೇಕು.

ಇಲ್ಲಿ ಒಂದು ತೊಡಕನ್ನು ಹೇಳಲೇಬೇಕು. ಇಂಗ್ಲಿಷಿನಲ್ಲಿ ಹದಿಹರೆಯದವರ ಕಾದಂಬರಿ ಎಂಬ ಪ್ರತ್ಯೇಕ ಕಪಾಟೇ ಇದೆ. 1967ರಲ್ಲಿ ‘ದಿ ಔಟ್‌ಸೈಡರ್ಸ್’ ಪ್ರಕಟಿಸಿದ ಎಸ್. ಇ. ಹಿಂಟನ್ ಆಗ ಸ್ವತಃ ಹದಿಹರೆಯದವರೇ. ಆ ಕಪಾಟಿನ ಇತಿಹಾಸ ಹೇಳುವವರು ಆ ಪುಸ್ತಕವನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ನಮ್ಮಲ್ಲಿ ‘ಮಕ್ಕಳ ಸಾಹಿತ್ಯ’ ಒಂದು ಕಡೆ, ದೊಡ್ಡವರ ಕಾದಂಬರಿ ಇನ್ನೊಂದು ಕಡೆ. ಎಂಟು, ಒಂಬತ್ತು, ಹತ್ತನೆಯ ತರಗತಿಯವರು ನಡುವಿನ ಓಣಿಯಲ್ಲಿ ನಿಂತಿರುತ್ತಾರೆ. ಹಾಗಾಗಿ ಆ ಕಪಾಟನ್ನು ಶಿಕ್ಷಕರೇ ಕಟ್ಟಬೇಕು, ಎರಡೂ ಕಡೆಯಿಂದ ಆರಿಸಿಕೊಂಡು. ಸಾಹಿತ್ಯ ಅಕಾದೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ ಒಂದು ಕಡೆಯಿಂದ ಬರುತ್ತವೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’, ‘ಜುಗಾರಿ ಕ್ರಾಸ್’ ಇನ್ನೊಂದು ಕಡೆಯಿಂದ. 1980ರ ‘ಕರ್ವಾಲೋ’ ಹುಡುಗರಿಗೆಂದು ಬರೆದದ್ದಲ್ಲ. ಆದರೆ ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ಒಬ್ಬ ವಿಜ್ಞಾನಿ ಅಪರೂಪದ ಪ್ರತಿಭೆಯನ್ನು ಕಾಣುತ್ತಾನೆ ಎನ್ನುವುದು, ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹದಿನಾಲ್ಕರ ಹುಡುಗನಿಗೆ ಎಷ್ಟು ಹತ್ತಿರದ ಸಂಗತಿ ಎಂದು ಬೇರೆ ಹೇಳಬೇಕೆ? ಕೊನೆಯಲ್ಲಿ ಓತಿ ಏನಾಯಿತೆಂದು ನಾನು ಇಲ್ಲಿ ಬರೆಯುವುದಿಲ್ಲ. ಓದದ ಪ್ರಶಿಕ್ಷಣಾರ್ಥಿಗಳು ಇನ್ನೂ ಇದ್ದಾರೆ.

ಈಗ ಯೋಜನೆಯ ವಿಷಯ. ನಮ್ಮ ಯೋಜನೆ ಮಾರ್ಚ್‌ನಲ್ಲಿ ಅಲ್ಲ, ಡಿಸೆಂಬರ್‌ನಲ್ಲಿ ಶುರುವಾಗುತ್ತದೆ, ಅದೂ ಮಕ್ಕಳಿಂದ ಅಲ್ಲ. ಪ್ರತಿ ಪ್ರಶಿಕ್ಷಣಾರ್ಥಿ ನಾಲ್ಕು ಕಾದಂಬರಿಗಳನ್ನು ಸುಮ್ಮನೆ ಓದಬೇಕು. ಪಾಠಯೋಜನೆ ಇಲ್ಲ, ದಾಖಲೆ ಪುಸ್ತಕ ಇಲ್ಲ, ಅಂಕವೂ ಇಲ್ಲ. ಇದು ಸುಲಭವೆಂದು ನಾನು ತಿಳಿದಿದ್ದೆ, ಅಲ್ಲ. ಮೊದಲ ವರ್ಷ ಒಬ್ಬರು ಕಾದಂಬರಿಯ ಅಂಚಿನಲ್ಲಿ ಪೆನ್ಸಿಲಿನಿಂದ ‘ನಿರ್ದಿಷ್ಟ ಉದ್ದೇಶಗಳು’ ಎಂದು ಬರೆದುಕೊಂಡು ಬಂದಿದ್ದರು. ತಪ್ಪು ಅವರದಲ್ಲ. ಎಲ್ಲ ಪುಟಗಳನ್ನೂ ಪಾಠವಾಗಿಯೇ ನೋಡುವುದನ್ನು ಕಲಿಸಿದವರು ನಾವು. ಓದಿದ ಮೇಲೆ ಅವರವರಲ್ಲೇ ಜಗಳವಾಗುತ್ತದೆ: ಇದು ಒಂಬತ್ತನೆಯವರಿಗೆ ಬೇಡ, ಇದು ಬೋರು, ಇದರಲ್ಲಿ ಕುಡಿತ ಬರುತ್ತದಲ್ಲ, ಪಾಲಕರು ಏನನ್ನುತ್ತಾರೆ. ಪಟ್ಟಿ ಹುಟ್ಟುವುದು ಆ ಜಗಳದಿಂದ. ಪಟ್ಟಿಗೆ ಒಂದೇ ನಿಯಮ: ತರಗತಿಗೆ ಹೋಗುವವರು ಸ್ವತಃ ಓದದ ಪುಸ್ತಕ ಅದರಲ್ಲಿ ಇರಬಾರದು.

ಫೆಬ್ರವರಿಯಲ್ಲಿ ಪುಸ್ತಕ ಪರಿಚಯ, ವಾರಕ್ಕೊಂದು, ಐದು ನಿಮಿಷ. ಇಲ್ಲಿ ಎಲ್ಲರೂ ಎಡವುತ್ತಾರೆ. ಎದ್ದು ನಿಂತ ಕೂಡಲೇ ನಾಲಿಗೆ ತಾನಾಗಿ ಲೇಖಕರ ಜನನ, ಕೃತಿಗಳು, ಪ್ರಶಸ್ತಿಗಳು ಎಂದು ಹೊರಡುತ್ತದೆ. ನಾನು ಹೇಳುವುದಿಷ್ಟೇ: ನಿಮ್ಮನ್ನು ಹಿಡಿದು ನಿಲ್ಲಿಸಿದ ಎರಡು ಪುಟ ಹುಡುಕಿ, ಗಟ್ಟಿಯಾಗಿ ಓದಿ, ಕುತೂಹಲ ಏರಿದ ಜಾಗದಲ್ಲಿ ಪುಸ್ತಕ ಮುಚ್ಚಿ ಕೂತುಬಿಡಿ. ಒಬ್ಬರು ‘ಜುಗಾರಿ ಕ್ರಾಸ್’ ಹೀಗೆ ಮುಚ್ಚಿದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಸಿಟ್ಟಿನಿಂದಲೇ “ಮೇಡಂ, ಮುಂದೆ?” ಎಂದ. ಅವಲೋಕನ ಪುಸ್ತಕದಲ್ಲಿ ಅಂದು ನಾನು ಬರೆದದ್ದು ಆ ಒಂದು ಪದವನ್ನೇ.

ಎಷ್ಟು ಪುಸ್ತಕ? ನನ್ನ ಹಳೆಯ ಪಟ್ಟಿಯ ‘ಐದು’ ಎಲ್ಲಿಂದ ಬಂತೋ ನನಗೇ ತಿಳಿಯದು. ಈಗ ತರಗತಿಯಲ್ಲಿ ಹತ್ತು ನಿಮಿಷ ಮೌನವಾಗಿ ಓದಿಸಿ ನೋಡುತ್ತೇವೆ. ಕೆಲವರು ಮೂರು ಪುಟ ಮುಗಿಸುತ್ತಾರೆ, ಕೆಲವರು ಒಂದನ್ನು. ರಜೆ ಸುಮಾರು ಏಳು ವಾರ. ಮದುವೆ, ಜಾತ್ರೆ, ಅಜ್ಜಿಮನೆ, ಹೊಲದ ಕೆಲಸ ಕಳೆದು ಆರು ವಾರ, ವಾರಕ್ಕೆ ಐದು ದಿನ, ದಿನಕ್ಕೆ 20 ನಿಮಿಷ ಎಂದಿಟ್ಟರೆ 600 ನಿಮಿಷ. ಮೊದಲನೆಯವರಿಗೆ ಅದು 180 ಪುಟ, ಎರಡನೆಯವರಿಗೆ 60. ಎಂದರೆ ಒಬ್ಬರಿಗೆ ಒಂದು ಕಾದಂಬರಿ ಹೇಗೋ ಆಯಿತು, ಇನ್ನೊಬ್ಬರಿಗೆ ತೆಳ್ಳಗಿನ ಒಂದು ಪುಸ್ತಕವೇ ದೊಡ್ಡ ಸಾಧನೆ. ಈ ಲೆಕ್ಕ ಹಾಕಿದ ದಿನ, ಐದು ಪುಸ್ತಕದ ಹಾಳೆಯನ್ನು ತುಂಬಿಸಲು ಮಕ್ಕಳು ನಕಲು ಮಾಡದೆ ಬೇರೇನು ಮಾಡಬಹುದಿತ್ತು ಎನಿಸಿತು. ಆದ್ದರಿಂದ ಪಟ್ಟಿಯಲ್ಲಿ 60 ಪುಟದ ಪುಸ್ತಕಗಳೂ ಇರಬೇಕು, ಅವು ಪುಟ್ಟ ಮಕ್ಕಳ ಪುಸ್ತಕದಂತೆ ಕಾಣಬಾರದು. ನಿಧಾನವಾಗಿ ಓದುವ ಹದಿನಾಲ್ಕರವನಿಗೂ ಮಾನ ಇರುತ್ತದೆ.

ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ, ಪುಸ್ತಕ ಎಲ್ಲಿದೆ ಎಂಬುದು. ರಿಚರ್ಡ್ ಆಲಿಂಗ್ಟನ್ ಮತ್ತು ಆನ್ ಮ್ಯಾಕ್‌ಗಿಲ್-ಫ್ರಾಂಜೆನ್ ಅಮೆರಿಕದ ಫ್ಲೋರಿಡಾದಲ್ಲಿ ಬಡ ಕುಟುಂಬಗಳ ಪ್ರಾಥಮಿಕ ಶಾಲಾ ಮಕ್ಕಳಿಗೆ ಸತತ ಮೂರು ಬೇಸಿಗೆ ತಲಾ 12 ಪುಸ್ತಕಗಳನ್ನು ಕೊಟ್ಟು ನೋಡಿದರು. ಪುಸ್ತಕಗಳನ್ನು ಆರಿಸಿಕೊಂಡವರು ಮಕ್ಕಳೇ. ಪುಸ್ತಕ ಸಿಗದ ಮಕ್ಕಳಿಗಿಂತ ಇವರ ಓದು ಉತ್ತಮವಾಗಿತ್ತೆಂದು 2010ರ ಅವರ ವರದಿ ಹೇಳುತ್ತದೆ. ನಮ್ಮಲ್ಲಿ ಮಕ್ಕಳಿಗೆ 12 ಪುಸ್ತಕ ಕೊಳ್ಳುವ ಹಣವಿಲ್ಲ, ನಿಜ. ಆದರೆ ಶಾಲೆಯ ಬೀರುವಿನಲ್ಲಿ ಇರುವ ಪುಸ್ತಕಗಳೇ ರಜೆಯಲ್ಲಿ ಬೀಗದೊಳಗೆ ಕೂತಿರುತ್ತವಲ್ಲ! ‘ಕಳೆದುಹೋದರೆ ದಾಸ್ತಾನು ವಹಿಗೆ ಯಾರು ಉತ್ತರ ಕೊಡುವುದು’ ಎಂದು ಒಂದು ಶಾಲೆಯಲ್ಲಿ ಕೇಳಿದರು. ಆ ಭಯ ಸುಳ್ಳಲ್ಲ. ನಾವು ಕೊನೆಗೆ ಮಾಡಿಕೊಂಡ ಏರ್ಪಾಡು, ಪ್ರಶಿಕ್ಷಣಾರ್ಥಿಗಳ ಸಹಿಯ ಮೇಲೆ 40 ಪುಸ್ತಕ ಹೊರಗೆ ತರುವುದು, ಕಳೆದದ್ದನ್ನು ನಾವೇ ಕೊಂಡಿಡುವುದು. ಮೊದಲ ವರ್ಷ ಮೂರು ಕಳೆದವು. ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಯ ಅರಿವು ಕೇಂದ್ರಗಳಿವೆ. ಮಕ್ಕಳು ಉಚಿತವಾಗಿ ಹೆಸರು ನೋಂದಾಯಿಸಬಹುದು. ‘ಹೋಗಿ’ ಎಂದು ಹೇಳಿದರೆ ಹೋಗುವುದಿಲ್ಲ. ರಜೆಗೆ ಮುನ್ನ ಒಮ್ಮೆ ತರಗತಿಯನ್ನೇ ನಡೆಸಿಕೊಂಡು ಹೋಗಿ, ಅಲ್ಲಿಯ ಮೇಲ್ವಿಚಾರಕರ ಪರಿಚಯ ಮಾಡಿಸಿದರೆ ಹೋಗುತ್ತಾರೆ.

ಜೂನ್‌ನಲ್ಲಿ ವರದಿ ಕೇಳುವುದನ್ನು ಬಿಟ್ಟಿದ್ದೇವೆ. ಬದಲಿಗೆ ಗುಂಪಾಗಿ ಕೂತು ಮಾತು. ಮೊದಲ ಪ್ರಶ್ನೆ, ‘ಯಾವ ಪುಸ್ತಕವನ್ನು ಅರ್ಧಕ್ಕೇ ಬಿಟ್ಟಿರಿ?’ ಓದುಗನ ಹಕ್ಕುಗಳ ಪಟ್ಟಿ ಮಾಡಿದ ಫ್ರೆಂಚ್ ಲೇಖಕ, ಸ್ವತಃ ಶಾಲಾ ಶಿಕ್ಷಕರಾಗಿದ್ದ ಡೇನಿಯಲ್ ಪೆನಾಕ್, ಪುಸ್ತಕವನ್ನು ಮುಗಿಸದಿರುವ ಹಕ್ಕನ್ನೂ ಅದರಲ್ಲಿ ಸೇರಿಸಿದ್ದಾರೆ. ಈ ಪ್ರಶ್ನೆಗೆ ಮಕ್ಕಳು ಮೊದಲು ಒಬ್ಬರನ್ನೊಬ್ಬರು ನೋಡುತ್ತಾರೆ, ಆಮೇಲೆ ಮಾತು ನಿಲ್ಲುವುದಿಲ್ಲ. ಏಕೆ ಬಿಟ್ಟೆ ಎಂದು ಹೇಳಹೊರಟ ಹುಡುಗ ಪಾತ್ರ, ಭಾಷೆ, ನಿರೂಪಣೆ ಎಲ್ಲದರ ಬಗ್ಗೆಯೂ ಮಾತಾಡಿರುತ್ತಾನೆ, ಆ ಪದಗಳನ್ನು ಬಳಸದೆ.

ಸಹೋದ್ಯೋಗಿಗಳು ಕೇಳುವುದು, ಇದಕ್ಕೆ ಮೌಲ್ಯಮಾಪನ ಹೇಗೆ ಎಂದು. ರೂಪಣಾತ್ಮಕ ಮೌಲ್ಯಮಾಪನಕ್ಕೆ ಆಧಾರ ಬೇಕೆಂದರೆ ಆ ಮಾತುಕತೆಯ ಟಿಪ್ಪಣಿ ಸಾಕಷ್ಟಾಯಿತು. ಆದರೆ ರಜೆಯ ಓದಿಗೆ ಅಂಕ ಕೊಡಲು ನನಗೆ ಇನ್ನೂ ಮನಸ್ಸಿಲ್ಲ. ಖಾಲಿ ಹಾಳೆಯ ಆ ಸೊನ್ನೆ ನೆನಪಾಗುತ್ತದೆ.

ಹುಡುಗಿಯ ಪ್ರಶ್ನೆಗೆ ಅಂದು ಉತ್ತರ ಕೊಟ್ಟೆ. ಹಾರುವ ಓತಿ ಇದೆ. ಪಶ್ಚಿಮ ಘಟ್ಟದ ಕಾಡಿನಲ್ಲೂ ಅಡಿಕೆ ತೋಟಗಳಲ್ಲೂ ಇದೆ. ಪಕ್ಕೆಲುಬುಗಳ ಆಸರೆಯಲ್ಲಿ ಬಿಚ್ಚಿಕೊಳ್ಳುವ ಚರ್ಮದಿಂದ ಮರದಿಂದ ಮರಕ್ಕೆ ತೇಲುತ್ತದೆ. “ಹಾಗಾದರೆ ಮಂದಣ್ಣನೂ ಇದ್ದಾನಾ?” ಎಂದಳು. ಅದಕ್ಕೆ ಉತ್ತರ ಹೊಳೆಯಲಿಲ್ಲ. ಹೊತ್ತೊಯ್ಯುವುದೂ ಅನುಭವಿಸುವುದೂ ಬೇರೆಬೇರೆ ಪೆಟ್ಟಿಗೆಗಳಲ್ಲ ಎಂದು ರೋಸೆನ್‌ಬ್ಲಾಟ್ ಹೇಳಿದ್ದು ನನಗೆ ಅರ್ಥವಾದದ್ದು ಆ ದಿನ.

ಈ ವರ್ಷದ ಪ್ರಶಿಕ್ಷಣಾರ್ಥಿಗಳು ಜಗಳವಾಡಿ ಹನ್ನೊಂದು ಪುಸ್ತಕಗಳ ಪಟ್ಟಿ ಮಾಡಿದ್ದಾರೆ. ಅದರಲ್ಲಿ ಎರಡನ್ನು ನಾನು ಓದಿಲ್ಲ. ಗ್ರಂಥಾಲಯದಿಂದ ಮನೆಗೆ ತಂದಿಟ್ಟುಕೊಂಡಿದ್ದೇನೆ. ಶನಿವಾರದೊಳಗೆ ಮುಗಿಸಬೇಕೆಂದು ಅವರು ಗಡುವು ಕೊಟ್ಟಿದ್ದಾರೆ.