ಒಂದೇ ಗಣಕ, ನಾಲ್ಕು ಜಾಲತಾಣ: ವರ್ತಕರು ಲೆಕ್ಕ ಹಾಕಬೇಕಾದ ಸಂಗತಿಗಳು

ಚನ್ನಗಿರಿಯಲ್ಲಿ ಅಡಿಕೆ ಮಂಡಿ, ಹೊನ್ನಾಳಿಯಲ್ಲಿ ಅಕ್ಕಿ ಗಿರಣಿ, ನ್ಯಾಮತಿಯಲ್ಲಿ ಕೃಷಿ ಪರಿಕರಗಳ ಮಳಿಗೆ, ಜಗಳೂರಿನಲ್ಲಿ ಶೇಂಗಾ ಎಣ್ಣೆ ಗಿರಣಿ. ಈ ನಾಲ್ಕೂ ಒಬ್ಬರೇ ಯಜಮಾನರ ಹಿಡಿತದಲ್ಲಿರುವ ಪ್ರತ್ಯೇಕ ಪಾಲುದಾರಿಕೆ ಸಂಸ್ಥೆಗಳೆಂದು ಇಟ್ಟುಕೊಳ್ಳಬಹುದು. ನಾಲ್ಕಕ್ಕೂ ಪ್ರತ್ಯೇಕ ಜಾಲತಾಣ ಬೇಕು. ಪ್ರತಿ ವರ್ಷ ನಾಲ್ಕು ಬಾರಿ ಹೋಸ್ಟಿಂಗ್ ಬಾಡಿಗೆ ತೆರಬೇಕು. ಇವೆಲ್ಲವನ್ನೂ ಮನೆಯ ಒಂದೇ ಗಣಕಯಂತ್ರದಲ್ಲಿ ಇರಿಸಿ ನಡೆಸಲು ಸಾಧ್ಯವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಸಾಧ್ಯವಿದೆ. ಆದರೆ ಉಳಿತಾಯ ಎಲ್ಲಿದೆ, ಹೊಣೆ ಎಲ್ಲಿದೆ ಎಂಬುದನ್ನು ಮೊದಲು ಅರಿಯುವುದು ಲೇಸು.

ತಂತ್ರ ಸರಳವಾದುದೇ. ಒಂದೇ ಮಳಿಗೆಯ ಮುಂದೆ ನಾಲ್ಕು ಸಂಸ್ಥೆಗಳ ನಾಮಫಲಕಗಳಿದ್ದು, ಒಳಗಿರುವ ಗುಮಾಸ್ತನು ಬಂದ ಚೀಟಿಯ ಮೇಲಿನ ಹೆಸರು ನೋಡಿ ಆಯಾ ಖಾತೆಪುಸ್ತಕವನ್ನು ತೆರೆಯುವಂತೆಯೇ ಇದು. 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿಯು, ತಾನು ಕೇಳುತ್ತಿರುವ ತಾಣದ ಹೆಸರನ್ನು ಬ್ರೌಸರ್ ಪ್ರತಿ ಕೋರಿಕೆಯಲ್ಲಿಯೂ ತಿಳಿಸಬೇಕೆಂದು ಕಡ್ಡಾಯಗೊಳಿಸಿತು. ಅಪಾಚೆ, ಎಂಜಿನ್‌ಎಕ್ಸ್ ಮುಂತಾದ ಉಚಿತ ತಂತ್ರಾಂಶಗಳು ಆ ಹೆಸರನ್ನು ಓದಿ ಸರಿಯಾದ ಪುಟವನ್ನು ಕಳುಹಿಸುತ್ತವೆ. ಸುರಕ್ಷಿತ ತಾಣಗಳಿಗೆ ಮಾತ್ರ ಬಹುಕಾಲ ಒಂದೊಂದಕ್ಕೂ ಪ್ರತ್ಯೇಕ ಐಪಿ ವಿಳಾಸ ಬೇಕಾಗುತ್ತಿತ್ತು. 2003ರಲ್ಲಿ ರೂಪುಗೊಂಡ ಎಸ್‌ಎನ್‌ಐ ಎಂಬ ವ್ಯವಸ್ಥೆ ಆ ತೊಡಕನ್ನು ನಿವಾರಿಸಿತು. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಪ್ರಮಾಣಪತ್ರಗಳನ್ನೂ ಉಚಿತವಾಗಿ ನೀಡುತ್ತಿದೆ. ಅವುಗಳ ಅವಧಿ ಅಲ್ಪವಾದ್ದರಿಂದ ತಾನಾಗಿ ನವೀಕರಣಗೊಳ್ಳುವಂತೆ ಏರ್ಪಡಿಸಿಕೊಳ್ಳಬೇಕು.

ನಿಜವಾದ ತೊಡಕು ಇರುವುದು ಸಂಪರ್ಕದಲ್ಲಿ. ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು 2011ರಲ್ಲಿಯೇ ಬರಿದಾಯಿತು. ಆದುದರಿಂದ ಅನೇಕ ಅಂತರ್ಜಾಲ ಸೇವಾದಾರರು ಹಲವು ಮನೆಗಳಿಗೆ ಸೇರಿ ಒಂದೇ ಸಾರ್ವಜನಿಕ ವಿಳಾಸ ಹಂಚುತ್ತಾರೆ. ಅಂಥ ಸಂಪರ್ಕದಲ್ಲಿ ಹೊರಗಿನ ಗ್ರಾಹಕನ ಕೋರಿಕೆ ಮನೆಯ ರೌಟರ್‌ವರೆಗೆ ಬರುವುದೇ ಇಲ್ಲ. ಸ್ಥಿರ ವಿಳಾಸಕ್ಕೆ ಪ್ರತ್ಯೇಕ ಶುಲ್ಕವೆಷ್ಟು, ಗೃಹಬಳಕೆಯ ಯೋಜನೆಯಲ್ಲಿ ಸರ್ವರ್ ನಡೆಸಲು ಅನುಮತಿ ಇದೆಯೇ ಎಂಬುದನ್ನು ಯಂತ್ರ ಖರೀದಿಸುವ ಮುನ್ನವೇ ಲಿಖಿತವಾಗಿ ಕೇಳಿ ತಿಳಿಯಬೇಕು.

ಇನ್ನು ವಿದ್ಯುತ್. ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ನಡೆಸಿದ ಜಗತ್ತಿನ ಮೊದಲ ವೆಬ್ ಸರ್ವರ್ ಒಂದು ಮೇಜಿನ ಗಣಕವಷ್ಟೇ; ಇದನ್ನು ಆರಿಸಬಾರದೆಂಬ ಕೈಬರಹದ ಚೀಟಿಯನ್ನು ಅದಕ್ಕೆ ಅಂಟಿಸಲಾಗಿತ್ತು. ಜಗಳೂರಿನಲ್ಲಿ ಚೀಟಿಯೊಂದೇ ಸಾಲದು. ನೂರು ವ್ಯಾಟ್ ಬಳಸುವ ಹಳೆಯ ಗಣಕವು ಹಗಲಿರುಳು ನಡೆದರೆ ತಿಂಗಳಿಗೆ 72 ಯೂನಿಟ್ ನುಂಗುತ್ತದೆ. ಹತ್ತು ವ್ಯಾಟ್‌ನ ಪುಟ್ಟ ಗಣಕಕ್ಕೆ 7.2 ಯೂನಿಟ್ ಸಾಕು. ಮೂಲೆಯಲ್ಲಿ ಬಿದ್ದಿರುವ ಹಳೆಯ ಯಂತ್ರ ಪುಕ್ಕಟೆ ಎಂಬ ಭಾವನೆ ಹಲವರಲ್ಲಿದೆ. ವಿದ್ಯುತ್ ಬಿಲ್ಲು ಬೇರೆಯೇ ಕಥೆ ಹೇಳುತ್ತದೆ. ಯುಪಿಎಸ್ ಮತ್ತು ಅದರ ಬ್ಯಾಟರಿ ಬದಲಾವಣೆಯ ವೆಚ್ಚವನ್ನೂ ಇದಕ್ಕೆ ಕೂಡಿಸಿ, ಮೊತ್ತವನ್ನು ನಾಲ್ಕು ತಾಣಗಳ ಬಾಡಿಗೆಯೊಡನೆ ಹೋಲಿಸಬೇಕು.

ಭದ್ರತೆಯ ವಿಷಯದಲ್ಲಿ ಉದಾಸೀನ ಸಲ್ಲದು. ಒಂದು ತಾಣದ ಹಳೆಯ ತಂತ್ರಾಂಶದ ಮೂಲಕ ನುಸುಳಿದವನು ಉಳಿದ ಮೂರನ್ನೂ ಕೆಡಿಸಬಲ್ಲ. ಪ್ರತಿ ತಾಣಕ್ಕೂ ಪ್ರತ್ಯೇಕ ಬಳಕೆದಾರ ಖಾತೆ ಇರಬೇಕು, ಪ್ರತಿಗಳನ್ನು ಬೇರೊಂದು ಊರಿನಲ್ಲಿ ಕಾಪಿಡಬೇಕು. ಟ್ಯಾಲಿ ಲೆಕ್ಕಪತ್ರವಿರುವ ಗಣಕವನ್ನು ಯಾವ ಕಾರಣಕ್ಕೂ ಸರ್ವರ್ ಆಗಿಸಬಾರದು. ದರಪಟ್ಟಿ, ವಿಳಾಸ, ಛಾಯಾಚಿತ್ರಗಳಷ್ಟೇ ಇರುವ ತಾಣಗಳಿಗೆ ಮನೆಯ ಸರ್ವರ್ ಸಾಕು. ಗ್ರಾಹಕರಿಂದ ಹಣ ಪಡೆಯುವ ತಾಣಕ್ಕೆ ಬಾಡಿಗೆಯ ವ್ಯವಸ್ಥೆಯೇ ಮೇಲು. ಇಮೇಲ್‌ಗೂ ಅಷ್ಟೇ: ಗೃಹ ಸಂಪರ್ಕದಿಂದ ಹೊರಟ ಪತ್ರಗಳನ್ನು ದೊಡ್ಡ ಸೇವಾದಾರರು ಬಹುಮಟ್ಟಿಗೆ ತಿರಸ್ಕರಿಸುತ್ತಾರೆ.

ತೆರಿಗೆಯ ಅಂಶವನ್ನು ಬಹಳ ಮಂದಿ ಗಮನಿಸುವುದಿಲ್ಲ. ಯಂತ್ರವನ್ನು ಅಡಿಕೆ ಮಂಡಿಯ ಹೆಸರಿನಲ್ಲಿ ಕೊಂಡು, ಉಳಿದ ಮೂರು ಸಂಸ್ಥೆಗಳಿಗೆ ಉಚಿತವಾಗಿ ಬಳಸಿದರೂ, ಒಂದೇ ನಿಯಂತ್ರಣದಲ್ಲಿರುವ ಸಂಸ್ಥೆಗಳ ನಡುವಿನ ಅಂಥ ಸೇವೆ ಜಿಎಸ್‌ಟಿ ಕಾಯಿದೆಯ ಮೊದಲನೆಯ ಅನುಸೂಚಿಯಂತೆ ಪೂರೈಕೆಯೆನಿಸಬಹುದು. ಶೇಕಡಾ 18ರ ತೆರಿಗೆಯೊಡನೆ ಬಿಲ್ಲು ಹಾಕಿದರೆ ಎಣ್ಣೆ ಗಿರಣಿಯು ಹೂಡುವಳಿ ತೆರಿಗೆಯನ್ನು ವಜಾ ಪಡೆಯಬಹುದು. ಆದರೆ ಪೊಟ್ಟಣ ಕಟ್ಟದ ಬಿಡಿ ಅಕ್ಕಿ ತೆರಿಗೆಮುಕ್ತವಾದ್ದರಿಂದ ಹೊನ್ನಾಳಿಯ ಗಿರಣಿಗೆ ಆ ಪ್ರಮಾಣದ ವಜಾ ದೊರೆಯದು. ಹೊರಗಿನ ಮಿತ್ರರ ತಾಣಗಳನ್ನೂ ಸೇರಿಸಿಕೊಂಡರೆ ಹೊಣೆ ಮತ್ತಷ್ಟು ಹೆಚ್ಚುತ್ತದೆ: 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ವೆಬ್ ಹೋಸ್ಟಿಂಗ್ ಸೇವೆ ನೀಡುವವರನ್ನು ಮಧ್ಯವರ್ತಿಗಳೆಂದೇ ಪರಿಗಣಿಸುತ್ತದೆ. ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಅಂಥವರು ದಾಖಲೆಗಳನ್ನು 180 ದಿನ ಕಾದಿರಿಸಬೇಕು. ಸೈಬರ್ ದಾಳಿ ನಡೆದರೆ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು.

ಕಡೆಯದಾಗಿ ಡೊಮೈನ್ ಹೆಸರು. ತಾಣ ರೂಪಿಸಿಕೊಟ್ಟವರೇ ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಂಡಿದ್ದರೆ, ಸರ್ವರ್ ಮನೆಯಲ್ಲಿದ್ದರೂ ನಾಮಫಲಕ ಮಾತ್ರ ಪರರ ಕೈಯಲ್ಲಿರುತ್ತದೆ. ನೋಂದಣಿಯನ್ನು ಆಯಾ ಸಂಸ್ಥೆಯ ಹೆಸರಿಗೆ ವರ್ಗಾಯಿಸಿಕೊಂಡು, ನಾಲ್ಕರ ನವೀಕರಣ ದಿನಾಂಕಗಳನ್ನೂ ವಿಮೆ ಮತ್ತು ಪರವಾನಗಿಗಳ ದಿನಾಂಕಗಳೊಡನೆ ಒಂದೇ ಪುಸ್ತಕದಲ್ಲಿ ಬರೆದಿಡಬೇಕು.