ನಮೂನೆಯ ವಿನ್ಯಾಸ ಮತ್ತು ಪದಸಂಗ್ರಹದ ಗುಣಮಟ್ಟ

ಅಂತರ್ಜಾಲದ ಮೂಲಕ ಸಾರ್ವಜನಿಕರಿಂದ ಆಡುನುಡಿಯ ಪದಗಳನ್ನು ಸಂಗ್ರಹಿಸುವ ಪ್ರಯತ್ನಗಳ ಬಗ್ಗೆ ವಿದ್ವಾಂಸರು ಎತ್ತುವ ಆಕ್ಷೇಪ, ಬರೆಯುವವರಿಗೆ ಶಾಸ್ತ್ರಜ್ಞಾನವಿಲ್ಲ ಎಂಬುದು. ಆದರೆ ಬಂದ ಬರಹದ ಗುಣವನ್ನು ಬರೆದವರ ಅರಿವಿನಷ್ಟೇ ಅವರ ಮುಂದಿಟ್ಟ ನಮೂನೆಯೂ ನಿರ್ಧರಿಸುತ್ತದೆ. ಇದಕ್ಕೆ ಗಣಕಯಂತ್ರಕ್ಕಿಂತ ಹಿಂದಿನ ನಿದರ್ಶನವೊಂದಿದೆ.

ಲಂಡನ್ನಿನ ಫಿಲಾಲಜಿಕಲ್ ಸೊಸೈಟಿಯು 1857ರಲ್ಲಿ ಕೈಗೊಂಡ ಪದಸಂಗ್ರಹಕಾರ್ಯವೇ ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಾಗಿ ರೂಪುಗೊಂಡಿತು. ಸ್ವಯಂಪ್ರೇರಿತ ಓದುಗರು ಗ್ರಂಥಗಳಲ್ಲಿನ ಪ್ರಯೋಗವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸುತ್ತಿದ್ದರು. 1879ರಲ್ಲಿ ಸಂಪಾದಕತ್ವ ವಹಿಸಿಕೊಂಡ ಜೇಮ್ಸ್ ಮರೆ ಆ ಚೀಟಿಗಳನ್ನು ಪರಿಶೀಲಿಸಿದಾಗ, ಬಳಕೆ ತಪ್ಪಿದ್ದ 'ಅಬ್ಯೂಷನ್' ಎಂಬ ಪದಕ್ಕೆ ಸುಮಾರು 50 ಪ್ರಯೋಗಗಳು ದೊರೆತವು. ನಿತ್ಯಬಳಕೆಯ 'ಅಬ್ಯೂಸ್' ಪದಕ್ಕೆ 5 ಕೂಡ ಇರಲಿಲ್ಲ. ಇದನ್ನು ಓದುಗರ ಸೋಮಾರಿತನವೆನ್ನಲಾಗದು. ಅಪೂರ್ವ ಪದಗಳತ್ತ ಗಮನ ಸೆಳೆಯಲಾಗಿತ್ತು, ಅವರು ಅಪೂರ್ವವಾದುದನ್ನೇ ಆರಿಸಿದರು. ಅದೇ ವರ್ಷ ಹೊರಡಿಸಿದ ಮನವಿಯಲ್ಲಿ ಮರೆ ಸಾಮಾನ್ಯ ಪದಗಳ ಪ್ರಯೋಗಗಳನ್ನೂ ಕೇಳಿದರು. ಚೀಟಿಯಲ್ಲಿ ಪದ, ವರ್ಷ, ಗ್ರಂಥಕರ್ತ, ಗ್ರಂಥ, ಪುಟ, ವಾಕ್ಯ ಇಷ್ಟು ಇರಬೇಕಾಗಿತ್ತು. ಅರ್ಥನಿರೂಪಣೆ ಸಂಪಾದಕರ ಹೊಣೆಯಾಗಿತ್ತು. ಅಂದರೆ ಓದುಗರಿಂದ ಅಪೇಕ್ಷಿಸಿದ್ದು ಸಾಕ್ಷ್ಯವನ್ನೇ ಹೊರತು ಅಭಿಪ್ರಾಯವನ್ನಲ್ಲ.

'ಪದ', 'ಅರ್ಥ' ಎಂಬ ಎರಡೇ ಖಾನೆಗಳಿರುವ ಅಂತರ್ಜಾಲ ನಮೂನೆಯು ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. 'ಪಲ್ಯ'ವನ್ನೇ ನೋಡೋಣ. ಹಳೆಯ ಮೈಸೂರಿನ ಕಡೆಯವರು ಬೇಯಿಸಿ ಒಗ್ಗರಣೆ ಹಾಕಿದ ವ್ಯಂಜನವೆಂದು ಬರೆದಾರು. ಉತ್ತರ ಕರ್ನಾಟಕದವರಿಗೆ ಸಂತೆಯಲ್ಲಿ ಕೊಳ್ಳುವ ಹಸಿಯ ಕಾಯಿಪಲ್ಯವೂ ನೆನಪಾದೀತು. ಊರೂ ವಾಕ್ಯವೂ ಇಲ್ಲದೆ ಈ ಎರಡು ಉತ್ತರಗಳು ಅಕ್ಕಪಕ್ಕದಲ್ಲಿ ಬಂದರೆ, ಒಂದು ತಪ್ಪೆಂದು ಅಳಿಸಿಹೋಗುವ ಸಂಭವವೇ ಹೆಚ್ಚು. ಉಪಭಾಷಾ ಅಧ್ಯಯನಕ್ಕೆ ಬೇಕಾದದ್ದು ಆ ಭೇದವೇ ಅಲ್ಲವೆ?

ಹಾಗೆಂದು ಖಾನೆಗಳನ್ನು ಹೆಚ್ಚಿಸಿ, ಎಲ್ಲವನ್ನೂ ಕಡ್ಡಾಯಗೊಳಿಸುವುದು ಪರಿಹಾರವಲ್ಲ. ಉತ್ತರ ತಿಳಿಯದವರು ಒಂದು ಚುಕ್ಕೆಯಿಟ್ಟು ಮುಂದೆ ಸಾಗುತ್ತಾರೆ. ಇದಕ್ಕಿಂತ ಅಪಾಯಕಾರಿಯಾದುದು ಮೊದಲೇ ಆಯ್ದಿಟ್ಟ ಉತ್ತರ. ಅಕಾರಾದಿಯಾಗಿ ಜೋಡಿಸಿದ ಕರ್ನಾಟಕದ ಜಿಲ್ಲೆಗಳ ಪಟ್ಟಿಯಲ್ಲಿ ಉಡುಪಿ ಮೊದಲು ಬರುತ್ತದೆ. ನಮೂನೆ ತೆರೆದಾಗಲೇ ಅದು ಆಯ್ಕೆಯಾಗಿದ್ದರೆ, ಆ ಸಾಲನ್ನು ಗಮನಿಸದ ಬೀದರಿನವರ ಪದವೂ ಉಡುಪಿಯದೆಂದು ದಾಖಲಾಗುತ್ತದೆ. ಖಾಲಿ ಖಾನೆಯನ್ನು ಮುಂದೆ ತುಂಬಿಕೊಳ್ಳಬಹುದು. ತಪ್ಪು ಜಿಲ್ಲೆ ನಿಜದಂತೆಯೇ ಕಾಣುವುದರಿಂದ ಪತ್ತೆಯಾಗುವುದೇ ಇಲ್ಲ.

ಆದ್ದರಿಂದ ಜಿಲ್ಲೆಯ ಖಾನೆ ಖಾಲಿಯಾಗಿಯೇ ತೆರೆದುಕೊಳ್ಳಬೇಕು, 'ಗೊತ್ತಿಲ್ಲ' ಎನ್ನಲು ಅವಕಾಶವಿರಬೇಕು. 'ಅರ್ಥವೇನು?' ಎಂಬ ಪ್ರಶ್ನೆಗಿಂತ ಮೊದಲು 'ಈ ಮಾತನ್ನು ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಕೇಳಿದಿರಿ? ಕೇಳಿದ ವಾಕ್ಯವನ್ನು ಹಾಗೆಯೇ ಬರೆಯಿರಿ' ಎಂದಿದ್ದರೆ, ಶಾಸ್ತ್ರ ತಿಳಿಯದ ರೈತರೂ ಗೃಹಿಣಿಯರೂ ಕೊಡುವ ವಾಕ್ಯ ನಿಘಂಟುಕಾರರಿಗೆ ನೇರವಾಗಿ ಒದಗುತ್ತದೆ.