ಸಬ್ಬಕ್ಕಿ ಟೀ ನಾಡಿನಲ್ಲಿ ಸಿನಿಮಾ ಪಾಠ!

ಬಬಲ್ ಟೀ ಕುಡಿದಿದ್ದೀರಾ? ತಣ್ಣನೆ ಹಾಲಿನ ಟೀ, ತಳದಲ್ಲಿ ಮರಗೆಣಸಿನ ಹಿಟ್ಟಿನ ಕರೀ ಗುಂಡುಗಳು – ನಮ್ಮ ಸಬ್ಬಕ್ಕಿಯ ದಾಯಾದಿ! ದಪ್ಪ ಕೊಳವೆಯಲ್ಲಿ ಹೀರಿ ಅಗಿಯಬೇಕು. 1980ರ ದಶಕದಲ್ಲಿ ತೈವಾನಿನಲ್ಲಿ ಹುಟ್ಟಿದ್ದು.

1977ರಲ್ಲಿ ಮಲೇಷ್ಯಾದಿಂದ ಸಿನಿಮಾ ಕಲಿಯಲು ತೈಪೆಗೆ ಬಂದ ಹುಡುಗ ತ್ಸಾಯ್ ಮಿಂಗ್ ಲಿಯಾಂಗ್‌ಗೆ ಆ ಭಾಗ್ಯವೂ ಇರಲಿಲ್ಲ, ಪಾಪ! ಚೈನೀಸ್ ಕಲ್ಚರ್ ಯೂನಿವರ್ಸಿಟಿಯಲ್ಲಿ ಓದಿ 1982ಕ್ಕೆ ಡಿಗ್ರಿ ಗಿಟ್ಟಿಸಿದ. ತಕ್ಷಣ ಡೈರೆಕ್ಟರಾದನೇ? ಎಲ್ಲಿಂದ! ನಾಟಕ ಬರೆದ, ಟೀವಿಗೆ ದುಡಿದ. ಮೊದಲ ಚಿತ್ರ ತೆರೆಕಂಡದ್ದು 1992ರಲ್ಲಿ... ಹತ್ತು ವರ್ಷ ಕಣ್ರೀ!

ಎರಡನೆಯದು ‘ವೀವ್ ಲಮೂರ್’. 1994ರಲ್ಲಿ ವೆನಿಸ್ ಚಿತ್ರೋತ್ಸವದ ಬಂಗಾರದ ಸಿಂಹವನ್ನು ಇನ್ನೊಂದು ಚಿತ್ರದ ಜೊತೆ ಹಂಚಿಕೊಂಡಿತು. ಕೊನೆಗೆ ನಾಯಕಿ ಪಾರ್ಕಿನ ಬೆಂಚಿನ ಮೇಲೆ ಕೂತು ನಿಮಿಷಗಟ್ಟಲೆ ಅಳುತ್ತಾಳೆ. ಹಾಡಿಲ್ಲ, ಹಿನ್ನೆಲೆ ಸಂಗೀತವಿಲ್ಲ. ನಮ್ಮ ಗಾಂಧಿಕ್ಲಾಸಿನವರು ಸೀಟು ಹರಿಯುತ್ತಿದ್ದರೇನೋ!